ಜಾಮಿಟ್ರಿ ಬಾಕ್ಸ್, ಆರು

ಕಾಮಾಕ್ಷಿಪಾಳ್ಯದ ಮೂರನೇ ಕ್ರಾಸಿನಲ್ಲಿ
ಲೇತ್ ಮೆಷಿನ್ನಿನ ಗರಗರಕ್ಕೂ ಬೋಂಡಾ ಬಾಣಲೆಯ ಹೊಗೆಗೂ ನಡುವೆ
ಎಂಟಡಿ ಅಗಲದ್ದು ನನ್ನ ಅಂಗಡಿ.
ನೋಟ್‌ಬುಕ್ಕು, ರಟ್ಟು, ಕಂದು ಕಾಗದ, ಅಂಟು.
ಗಲ್ಲಾಪೆಟ್ಟಿಗೆಯ ಪಕ್ಕ, ದಾರ ಕಟ್ಟಿದ ಪೆನ್ನಿನ ಜೊತೆ
ಬಿಲ್ ಪುಸ್ತಕ. ಹಾಳೆಯ ಕೆಳಗೊಂದು ನೀಲಿ ಕಾರ್ಬನ್ನು.

ಮಕ್ಕಳ ಹೆಸರಲ್ಲಿ ಟ್ರಸ್ಟಿನವರು ಖಾತೆ ತೆರೆದ ವರ್ಷದಿಂದ
ನಾನು ಅಂಗಡಿಯವನಷ್ಟೇ ಅಲ್ಲ, ಸಾಕ್ಷಿಯೂ ಹೌದು.
ಯಾವ ಶಾಲೆಗಾದರೂ ಸೇರಿಸಿಕೊಳ್ಳಿ, ಅಂದರು,
ವರ್ಷಕ್ಕೆ ಹದಿನಾರು ಸಾವಿರ, ಬಿಲ್ಲು ಮಾತ್ರ ಬೇಕು.
ಬಿಲ್ಲು ಕೊಡೋನು ನಾನು.

ಸೆಲ್ವಿ ಬಂದಳು ಮೊದಲು.
ಮಗಳಿಗೆ ಬೋರ್ಡು ಕಾಣೋದಿಲ್ಲ ಅಣ್ಣ, ಕನ್ನಡಕ ಮಾಡಿಸಿದೆ,
ಕನ್ನಡಕದ ಬಿಲ್ಲು ಆಫೀಸಲ್ಲಿ ತಗೊಳಲ್ವಂತೆ.
ಬರೆದೆ: ಜಾಮಿಟ್ರಿ ಬಾಕ್ಸ್, ಆರು.
ಆಮೇಲೆ ಗಾರ್ಮೆಂಟ್ಸಿನ ಹನುಮಕ್ಕ, ಮಳೆಗಾಲದ ಚಪ್ಪಲಿಗೆ;
ಗ್ರಾಫ್ ಹಾಳೆ.
ರೆಹಮತ್‌ಬೀ, ಶಾಲೆ ಆಟೋದ ತಿಂಗಳ ಬಾಡಿಗೆಗೆ;
ಅಟ್ಲಾಸು, ಅಟ್ಲಾಸು, ಅಟ್ಲಾಸು.
ದೊಡ್ಡವಳಾದ ಹುಡುಗಿಯ ಪ್ಯಾಡಿಗೆ ಅವರಮ್ಮ ಬಾಯಿ ಬಿಟ್ಟು ಹೇಳಲಿಲ್ಲ,
ನಾನೂ ಕೇಳಲಿಲ್ಲ. ಬಣ್ಣದ ಪೆನ್ಸಿಲ್ ಅಂತ ಬರೆದೆ.

ಈ ಬೀದಿಯಷ್ಟು ಅಟ್ಲಾಸು ಕೊಂಡ ಬೀದಿ
ಇಡೀ ಬೆಂಗಳೂರಲ್ಲಿ ಇನ್ನೊಂದಿರಲಿಕ್ಕಿಲ್ಲ.

ಹೀಗೇ ಒಂದು ಸಂಜೆ ನಾಗೋಜಿ ಬಂದ.
ಬಾಯಲ್ಲಿ ವಾಸನೆ. ಮಗನಿಗೆ ಡಿಕ್ಷನರಿ ಅಂತ ಬರಿ, ಎರಡು ಸಾವಿರ.
ಕೈ ತಡೆದು ನಿಂತಿತು, ನಿಜ.
ಆಮೇಲೆ ಬರೆಯಿತು.
ಆ ಹುಡುಗ ಜೂನ್ ಪೂರ್ತಿ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಮಾಡಿದ.
ನನ್ನ ಅಂಗಡಿ ಮುಂದೆಯೇ ಹಾದುಹೋಗುತ್ತಿದ್ದ, ದಿನಾ.

ಈಗ ನಿಯಮ ತರುತ್ತಾರಂತೆ.
ಫೀಸು, ಪುಸ್ತಕ, ಯೂನಿಫಾರಂ, ಮೂರೇ.
ಮಿಕ್ಕಿದ್ದಕ್ಕೆ ಬಿಡಿಗಾಸಿಲ್ಲ; ಬಿಲ್ಲಿನ ಜೊತೆ ಫೋಟೋ ಬೇಕು.
ನಾವು ಹೇರೋದಿಲ್ಲ, ನೀವೇ ಓಟು ಹಾಕಿ, ಎಂದಿದ್ದಾರೆ.
ಭಾನುವಾರ, ಸಮುದಾಯ ಭವನದಲ್ಲಿ, ಖಾತೆಗೊಂದು ಓಟು.
ಹೌದಾದರೆ ಹಸಿರು ಚೀಟಿ, ಇಲ್ಲವಾದರೆ ಹಳದಿ.
ಚೀಟಿಯ ಕಾಗದ ನನ್ನ ಅಂಗಡಿಯದೇ. ಅದಕ್ಕೆ ಮಾತ್ರ
ಸುಳ್ಳಿಲ್ಲದ ಬಿಲ್ಲು ಬರೆದೆ.

ನಲ್ಲಿ ಹತ್ತಿರ ಮೂರು ದಿನ ಅದೇ ಮಾತು.
ಹಸಿರು ಹಾಕಿ, ಎಂದಳು ನಾಗೋಜಿಯ ಹೆಂಡತಿ ತುಳಜಾ,
ಬೇರೇನೂ ಹೇಳಲಿಲ್ಲ. ಬಿಂದಿಗೆ ತುಂಬಿ ಹೊರಚೆಲ್ಲುತ್ತಿತ್ತು.
ಸೆಲ್ವಿ ಅಂದಳು: ಪುಸ್ತಕ ಕೊಡ್ತೀವಿ, ಕಣ್ಣು ಕೊಡಲ್ಲ ಅಂದ್ರೆ
ಮಗು ಓದೋದು ಮೂಗಿಂದಲಾ?
ಇಬ್ಬರದೂ ಸರಿ. ಇಬ್ಬರೂ ನನ್ನ ಕಡೆ ನೋಡಲಿಲ್ಲ.

ನನಗೆ ಖಾತೆಯಿಲ್ಲ, ಮಕ್ಕಳಿಲ್ಲ, ಓಟಿಲ್ಲ.
ಆದರೂ ಭಾನುವಾರ ಭವನದ ಬಾಗಿಲಲ್ಲಿ ನಿಂತೆ.
ಬೂಟಿನ ರಟ್ಟಿನ ಡಬ್ಬಕ್ಕೆ ಸೀಳು ಮಾಡಿಟ್ಟಿದ್ದರು.
ರೆಹಮತ್‌ಬೀ ಎರಡೂ ಚೀಟಿ ಹಿಡಿದು ಬಹಳ ಹೊತ್ತು ನಿಂತಳು,
ಒಂದನ್ನು ಹಾಕಿ, ಇನ್ನೊಂದನ್ನು ನಾಲ್ಕಾಗಿ ಮಡಚಿ
ದುಪಟ್ಟಾದ ತುದಿಗೆ ಗಂಟು ಹಾಕಿಕೊಂಡಳು.
ಯಾವುದು ಯಾವ ಬಣ್ಣವೋ ನನಗೆ ಕಾಣಲಿಲ್ಲ.

ಎಣಿಕೆ ಮುಗಿಯುವ ಮೊದಲೇ ಅಂಗಡಿಗೆ ಬಂದುಬಿಟ್ಟೆ.
ಹಳೇ ಬಿಲ್ಲುಗಳ ಪ್ರತಿ ತಿರುವಿದೆ:
ಕಾರ್ಬನ್ನಿನ ನೀಲಿ, ನನ್ನದೇ ಓರೆ ಅಕ್ಷರ.
ಬೇರೆಯವರು ಓದಿದರೆ ಬರೀ ಸಾಮಾನಿನ ಪಟ್ಟಿ.
ಈ ಅಟ್ಲಾಸು ಮಾಗಡಿ ರಸ್ತೆ ದಾಟಿಸಿದ ಆಟೋ,
ಈ ಗ್ರಾಫ್ ಹಾಳೆ ಕೆಸರಾಗದ ಎರಡು ಪಾದ,
ಈ ಡಿಕ್ಷನರಿ...

ಸೆಲ್ವಿಯ ಮಗಳು ಅಮುದಾ ಬಂದು ನಿಂತಳು,
ಮೂಗಿನ ಮೇಲೆ ಆರು ಜಾಮಿಟ್ರಿ ಬಾಕ್ಸ್.
ಒಂದು ರಬ್ಬರು ಕೊಡಿ ಮಾಮ, ಅಂದಳು. ಐದು ರೂಪಾಯಿ.
ಬಿಲ್ಲು ಬೇಕೇನಮ್ಮ?
ರಬ್ಬರಿಗಾ! ಎಂದು ನಕ್ಕು ಓಡಿದಳು.